ಉಡುಪಿಯ ಕಡಲಂಚಿನಲ್ಲಿ ಭೌತವಿಜ್ಞಾನ

ನಾನು ಸ್ನಾತಕೋತ್ತರ ತರಗತಿಯಲ್ಲಿ ಓದುತ್ತಿದ್ದಾಗ ನಡೆದ ಒಂದು ಸಂಗತಿಯಿಂದ ಈ ಪಾಠವನ್ನು ಆರಂಭಿಸುತ್ತೇನೆ. ರಜೆಯಲ್ಲಿ ನಾವು ಏಳೆಂಟು ಮಂದಿ ಸಹಪಾಠಿಗಳು ಉಡುಪಿ ಜಿಲ್ಲೆಯ ಒಂದು ಕಡಲತೀರಕ್ಕೆ ಹೋಗಿದ್ದೆವು. ಅಲೆಗಳು ಸಾಲುಸಾಲಾಗಿ ಬಂದು ಬೆಳ್ನೊರೆ ಕಾರಿ ಒಡೆಯುತ್ತಿದ್ದವು. ಆ ಬಿಳಿಯ ಸಾಲಿನ ನಡುವೆ ಒಂದೆಡೆ ಮಾತ್ರ, ಸುಮಾರು ಹತ್ತು ಮಾರು ಅಗಲಕ್ಕೆ, ಅಲೆಯೇ ಒಡೆಯುತ್ತಿರಲಿಲ್ಲ. ಅಲ್ಲಿ ನೀರು ತುಸು ಕಪ್ಪಾಗಿ, ಕೆರೆಯ ನೀರಿನಂತೆ ಶಾಂತವಾಗಿ ಕಾಣುತ್ತಿತ್ತು. “ಇಲ್ಲಿ ಅಲೆಯ ಕಾಟವಿಲ್ಲ” ಎಂದು ನಮ್ಮ ಗೆಳೆಯನೊಬ್ಬನು ಅಲ್ಲಿಯೇ ಇಳಿದನು. ಎರಡು ನಿಮಿಷ ಕಳೆಯುವುದರೊಳಗೆ ಅವನು ನಮ್ಮಿಂದ ಐವತ್ತು ಮೀಟರ್ ದೂರದಲ್ಲಿದ್ದನು. ಅವನು ದಡದ ಕಡೆಗೆ ಕೈಬೀಸಿ ಈಜುತ್ತಿದ್ದನು; ಆದರೆ ದಡವೇ ಅವನಿಂದ ದೂರ ಸರಿಯುತ್ತಿದ್ದಂತೆ ತೋರಿತು.

ಹತ್ತಿರದಲ್ಲಿ ಕೈರಂಪಣಿ ಬಲೆಯನ್ನು ಎಳೆಯುತ್ತಿದ್ದ ಮೀನುಗಾರರಲ್ಲಿ ಹಿರಿಯರೊಬ್ಬರು ಓಡಿಬಂದು, “ಈಚೆಗೆ ಬರಬೇಡ ಮಾಣಿ, ಬಡಗು ಬದಿಗೆ ಹೋಗು!” ಎಂದು ಕೂಗಿದರು. ಕೈಯನ್ನು ಬಡಗಣ ದಿಕ್ಕಿಗೆ ಬೀಸಿ ಬೀಸಿ ತೋರಿಸಿದರು. ಗೆಳೆಯನಿಗೆ ಮಾತು ಕೇಳಿಸಿತೋ ಸನ್ನೆ ಕಾಣಿಸಿತೋ, ಅವನು ದಿಕ್ಕು ಬದಲಿಸಿದನು. ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಅಲೆಗಳ ನಡುವೆ ಸಿಕ್ಕಿ, ಆ ಅಲೆಗಳೇ ಅವನನ್ನು ದಡಕ್ಕೆ ತಂದು ಹಾಕಿದವು. ನಾವೆಲ್ಲರೂ ದ್ರವಗತಿವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದವರು. ಆದರೆ ಕಣ್ಣೆದುರಿನ ನೀರನ್ನು ಓದಬಲ್ಲವರು ಅಲ್ಲಿ ಒಬ್ಬರೇ ಇದ್ದರು. ಅವರು ಆ ಮೀನುಗಾರರು.

ಕಡಲತೀರವು ನೋಟಕ್ಕೆ ನಿಂತಂತೆ ಕಂಡರೂ ಸದಾ ಚಲಿಸುತ್ತಿರುವ ಒಂದು ಯಂತ್ರವೆಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ಅದಕ್ಕಾಗಿ ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಎರಡು ದಿನಗಳ ಅಧ್ಯಯನ ಪ್ರವಾಸವನ್ನು ಮನಸ್ಸಿನಲ್ಲಿಯೇ ಕೈಗೊಳ್ಳೋಣ. ಅನುಕೂಲವಾದಾಗ ಕಾಲ್ನಡೆಯಲ್ಲಿಯೂ ಕೈಗೊಳ್ಳಬಹುದು. ೧೯೯೭ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರಚಿತವಾದ ಈ ಜಿಲ್ಲೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್ ಉದ್ದದ ಕಡಲಂಚಿದೆ. ಕೈಗಡಿಯಾರ, ಒಂದು ಅಯಸ್ಕಾಂತ, ಒಂದು ಅಳತೆಪಟ್ಟಿ ಮತ್ತು ಟಿಪ್ಪಣಿ ಪುಸ್ತಕ ಇವಿಷ್ಟೇ ನಮ್ಮ ಪ್ರಯೋಗಶಾಲೆ.

ಗುಡ್ಡದ ಮೇಲಿನ ಉದ್ಯಾನದಿಂದ

ಕಡಲನ್ನು ಅರಿಯಲು ಮೊದಲು ಕಡಲಿನಿಂದ ದೂರ ನಿಲ್ಲುವುದು ಒಳ್ಳೆಯದು. ಮಣಿಪಾಲದ ಮುರಕಲ್ಲಿನ ಗುಡ್ಡದ ಅಂಚಿನಲ್ಲಿ ಒಂದು ಉದ್ಯಾನವಿದೆ. ಗುಡ್ಡವು ಅಲ್ಲಿ ತಟಕ್ಕನೆ ಮುಗಿಯುವುದರಿಂದ ಜನರು ಅದನ್ನು ‘ಎಂಡ್ ಪಾಯಿಂಟ್’ ಎಂದು ಕರೆಯುತ್ತಾರೆ. ಅಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿಯು ಬಳುಕುತ್ತ ಪಡುವಣಕ್ಕೆ ಹರಿಯುವುದು ಕಾಣುತ್ತದೆ.

ಈ ನದಿಯು ನೀರನ್ನು ಮಾತ್ರ ಸಾಗಿಸುತ್ತಿಲ್ಲ. ಇಲ್ಲಿ ವರ್ಷಕ್ಕೆ ೪,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಆ ಮಳೆಯು ಘಟ್ಟದ ಬಂಡೆಗಳನ್ನು ಸವೆಸುತ್ತದೆ. ಬಂಡೆಯಲ್ಲಿರುವ ಮೆದು ಖನಿಜಗಳು ಕೊಳೆತು ಜೇಡಿಯಾಗುತ್ತವೆ; ಗಟ್ಟಿಯಾದ ಬೆಣಚುಕಲ್ಲಿನ ಹರಳುಗಳು ಮರಳಾಗಿ ಉಳಿಯುತ್ತವೆ. ಸ್ವರ್ಣೆಯು ಸೀತಾ ನದಿಯೊಡನೆ ಕೂಡಿ ಕೋಡಿ ಬೆಂಗ್ರೆಯ ಬಳಿ ಅಳಿವೆಯ ಮೂಲಕ ಕಡಲನ್ನು ಸೇರುವಾಗ ಈ ಮರಳನ್ನು ಅಲೆಗಳ ಕೈಗೆ ಒಪ್ಪಿಸುತ್ತದೆ. ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆಗೆ ಈ ಕರಾವಳಿಯಲ್ಲಿ ‘ಬೆಂಗ್ರೆ’ ಎನ್ನುತ್ತಾರೆ. ನದಿಯು ತಂದುದನ್ನು ಅಲೆಯು ಹರಡಿಟ್ಟುದರ ಫಲವೇ ಬೆಂಗ್ರೆ. ಆದುದರಿಂದ ನಾವು ನಾಳೆ ತುಳಿಯಲಿರುವ ಮರಳಿನಲ್ಲಿ ಬಹುಭಾಗವು ಒಂದು ಕಾಲಕ್ಕೆ ಘಟ್ಟದ ಬಂಡೆಯಾಗಿತ್ತೆಂಬುದನ್ನು ನೆನಪಿಡಬೇಕು.

ಮಲ್ಪೆಯಲ್ಲಿ ಅಲೆಯ ಪಾಠ

ಉಡುಪಿಯಿಂದ ಪಡುವಣಕ್ಕೆ ಐದಾರು ಕಿಲೋಮೀಟರ್ ಹೋದರೆ ಮಲ್ಪೆ. ಇಲ್ಲಿ ದೊಡ್ಡ ಮೀನುಗಾರಿಕೆಯ ಬಂದರೂ ಉದ್ದವಾದ ಮರಳಿನ ದಂಡೆಯೂ ಇವೆ. ಬೆಳಿಗ್ಗೆ ದಂಡೆಯಲ್ಲಿ ಕುಳಿತು, ಒಂದು ಅಲೆ ಒಡೆದ ಕ್ಷಣದಿಂದ ಆರಂಭಿಸಿ ಮುಂದಿನ ಹತ್ತು ಅಲೆಗಳು ಒಡೆಯುವುದಕ್ಕೆ ಎಷ್ಟು ಹೊತ್ತಾಯಿತೆಂದು ಗಡಿಯಾರದಲ್ಲಿ ನೋಡಿ. ಅದನ್ನು ಹತ್ತರಿಂದ ಭಾಗಿಸಿದರೆ ಅಲೆಯ ಆವರ್ತಕಾಲ ದೊರೆಯುತ್ತದೆ. ಅದು ೧೦ ಸೆಕೆಂಡ್ ಎಂದಿಟ್ಟುಕೊಳ್ಳೋಣ. ಆಳವಾದ ಕಡಲಿನಲ್ಲಿ ಅಲೆಯ ವೇಗವು, ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ, ಆವರ್ತಕಾಲದ ೧.೫೬ ಪಟ್ಟು ಇರುತ್ತದೆ. ಎಂದರೆ ನಮ್ಮ ಅಲೆಯು ಆಳಗಡಲಿನಲ್ಲಿ ಸೆಕೆಂಡಿಗೆ ಸುಮಾರು ೧೫.೬ ಮೀಟರ್ ವೇಗದಲ್ಲಿ ಬಂದಿತು. ಅದರ ಅಲೆಯುದ್ದ ಸುಮಾರು ೧೫೬ ಮೀಟರ್. ದಡದಲ್ಲಿ ಕುಳಿತು ಕಾಣದ ಕಡಲಿನ ಸುದ್ದಿಯನ್ನು ಗಡಿಯಾರದಿಂದಲೇ ತಿಳಿದಂತಾಯಿತಲ್ಲವೆ?

ಆವರ್ತಕಾಲ ಹೆಚ್ಚಿದಷ್ಟೂ ಅಲೆಯು ದೂರದಿಂದ ಬಂದಿರುವ ಸಂಭವ ಹೆಚ್ಚು. ದಕ್ಷಿಣ ಮಹಾಸಾಗರದ ಬಿರುಗಾಳಿಗಳು ಎಬ್ಬಿಸಿದ ೧೬ ಸೆಕೆಂಡಿನ ಉಬ್ಬಲೆಗಳ ಶಕ್ತಿಯು ದಿನವೊಂದಕ್ಕೆ ಸಾವಿರ ಕಿಲೋಮೀಟರಿಗೂ ತುಸು ಹೆಚ್ಚು ದೂರವನ್ನು ಕ್ರಮಿಸುತ್ತದೆ. ಎಂಟು ಸಾವಿರ ಕಿಲೋಮೀಟರಿನ ಪಯಣಕ್ಕೆ ಒಂದು ವಾರ ಸಾಕು. ಇಲ್ಲಿ ಆಕಾಶ ತಿಳಿಯಾಗಿ, ಗಾಳಿಯೂ ಇಲ್ಲದ ದಿನ ಒಮ್ಮೆಲೇ ದೊಡ್ಡ ಅಲೆಗಳು ಬರುವುದುಂಟು. ಅದಕ್ಕೆ ಕಾರಣ ಹೀಗೆ ಸಾವಿರಾರು ಮೈಲಿ ಆಚೆ ಇರಬಹುದು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಉಬ್ಬಲೆಗಳನ್ನು ಮುಂಚಿತವಾಗಿ ಲೆಕ್ಕಹಾಕಿ ಎಚ್ಚರಿಕೆ ನೀಡುತ್ತದೆ.

ಇಷ್ಟು ದೂರ ಸಾಗಿಬಂದುದು ಅಲೆಯೇ ಹೊರತು ನೀರಲ್ಲ. ಒಡೆಯುವ ಸಾಲಿನಿಂದ ಆಚೆಗೆ ತೇಲುವ ತೆಂಗಿನಸಿಪ್ಪೆಯನ್ನು ಗಮನಿಸಿದರೆ ಅದು ಮೇಲೆ ಕೆಳಗೆ, ಹಿಂದೆ ಮುಂದೆ ತೂಗುತ್ತದೆ. ಅಲೆ ದಾಟಿದ ಮೇಲೆ ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತದೆ. ಆದರೆ ನೀರಿನ ಆಳವು ಅಲೆಯುದ್ದದ ಅರ್ಧಕ್ಕಿಂತ ಕಡಿಮೆಯಾದಾಗ ಅಲೆಗೆ ತಳದ ಅರಿವಾಗತೊಡಗುತ್ತದೆ. ಆಳ ತೀರ ಕಡಿಮೆಯಾದಲ್ಲಿ ವೇಗವನ್ನು ನಿರ್ಧರಿಸುವುದು ಆಳವೊಂದೇ: ೪ ಮೀಟರ್ ಆಳದಲ್ಲಿ ಸೆಕೆಂಡಿಗೆ ೬.೩ ಮೀಟರ್, ೧ ಮೀಟರ್ ಆಳದಲ್ಲಿ ೩.೧ ಮೀಟರ್. ಮುಂದಿನ ಅಲೆ ನಿಧಾನಿಸುತ್ತದೆ, ಹಿಂದಿನದು ಒತ್ತಿಬರುತ್ತದೆ. ಸಂತೆಯ ಬಾಗಿಲಲ್ಲಿ ಜನ ಇರುಕುವಂತೆ ಅಲೆಗಳು ಇರುಕಿ ಎತ್ತರವಾಗುತ್ತವೆ. ಆಳವು ಅಲೆಯ ಎತ್ತರದ ಸುಮಾರು ೧.೩ ಪಟ್ಟಿಗೆ ಇಳಿದಾಗ ಅಲೆಯು ಮುಗ್ಗರಿಸಿ ಒಡೆಯುತ್ತದೆ.

ಈ ಕೊನೆಯ ಮಾತನ್ನು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು ಮೀಟರ್ ಎತ್ತರದ ಅಲೆ ಒಡೆಯುವಲ್ಲಿ ನೀರು ಸುಮಾರು ಎದೆಮಟ್ಟ. ಹಾಗಾದರೆ ಅದೇ ಅಲೆಯು ಒಡೆಯದೆ ಮುಂದೆ ಬರುವಲ್ಲಿ ನೀರು ಅದಕ್ಕಿಂತ ಆಳವಾಗಿದೆಯೆಂದೇ ಅರ್ಥ. ಬಿಳಿಯ ನೊರೆಯು ಮರಳ ದಿಣ್ಣೆಯ ನಕ್ಷೆ. ಕಪ್ಪು ನೀರು ಕಾಲುವೆಯ ನಕ್ಷೆ.

ಶಾಂತವಾದ ನೀರಿನ ಗುಟ್ಟು

ಈಗ ನನ್ನ ಗೆಳೆಯನ ಕಥೆಗೆ ಮರಳೋಣ. ಒಡೆಯುವುದಕ್ಕೆ ಮುಂಚೆ ಅಲೆಯು ನೀರನ್ನು ಹೆಚ್ಚಾಗಿ ಸಾಗಿಸುವುದಿಲ್ಲ. ಒಡೆದ ಮೇಲಾದರೋ ನೀರೇ ದಡದತ್ತ ನುಗ್ಗುತ್ತದೆ. ಅಲೆಯ ಮೇಲೆ ಅಲೆ ಬಂದು ಮರಳ ದಿಣ್ಣೆಯ ಈಚೆಗೆ ನೀರನ್ನು ಪೇರಿಸಿದಾಗ ಅಲ್ಲಿನ ಮಟ್ಟವು ತುಸು ಏರುತ್ತದೆ. ಏರಿದ ನೀರು ಹಿಂದಿರುಗಲೇಬೇಕು. ದಿಣ್ಣೆಯಲ್ಲಿ ಎಲ್ಲಿ ತಗ್ಗಿದೆಯೋ, ಎಲ್ಲಿ ಎದುರುಬರುವ ಅಲೆಗಳ ಒತ್ತಡ ಕಡಿಮೆಯೋ ಅಲ್ಲಿಂದ ಅದು ಕಿರಿದಾದ ಹೊಳೆಯಂತೆ ಕಡಲಿಗೆ ಹರಿಯುತ್ತದೆ. ಇದನ್ನು ನಮ್ಮವರು ‘ಸೆಳವು’ ಎನ್ನುತ್ತಾರೆ. ವಿಜ್ಞಾನದಲ್ಲಿ ಇದಕ್ಕೆ ‘ರಿಪ್ ಪ್ರವಾಹ’ವೆಂಬ ಹೆಸರಿದೆ. ೧೯೩೬ರಲ್ಲಿ ಅಮೆರಿಕದ ಭೂವಿಜ್ಞಾನಿ ಫ್ರಾನ್ಸಿಸ್ ಶೆಪರ್ಡರು ಈ ಹೆಸರನ್ನು ಸೂಚಿಸಿ, ಇದು ಉಬ್ಬರವಿಳಿತದ ಪ್ರವಾಹಕ್ಕಿಂತ ಬೇರೆಯೆಂದು ಸ್ಪಷ್ಟಪಡಿಸಿದರು.

ಸೆಳವಿನ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರಿನಿಂದ ಒಂದು ಮೀಟರ್. ಕೆಲವೊಮ್ಮೆ ಎರಡು ಮೀಟರನ್ನೂ ಮುಟ್ಟುತ್ತದೆ. ಅದು ೧ ಮೀಟರ್ ಎಂದೂ, ಸಾಧಾರಣ ಈಜುಗಾರನ ವೇಗ ೦.೬ ಮೀಟರ್ ಎಂದೂ ಇಟ್ಟುಕೊಳ್ಳೋಣ. ದಡಕ್ಕೆ ಅಭಿಮುಖವಾಗಿ ಈಜಿದರೆ ಅವನ ಸಾಪೇಕ್ಷ ವೇಗವೆಷ್ಟು? ಸೆಕೆಂಡಿಗೆ ೦.೪ ಮೀಟರ್, ಅದೂ ಕಡಲಿನ ಕಡೆಗೆ. ಒಂದು ನಿಮಿಷ ಪ್ರಾಣ ಒತ್ತೆಯಿಟ್ಟು ಈಜಿದರೂ ಅವನು ೨೪ ಮೀಟರ್ ಹಿಂದೆ ಸರಿದಿರುತ್ತಾನೆ. ಜೊತೆಗೆ ಶಕ್ತಿಯೂ ಉಡುಗಿರುತ್ತದೆ. ಅದರ ಬದಲು ದಡಕ್ಕೆ ಸಮಾನಾಂತರವಾಗಿ ಈಜಿದರೆ? ಸೆಳವಿನ ಅಂಚಿಗೆ ೧೫ ಮೀಟರ್ ಇದ್ದರೆ ೨೫ ಸೆಕೆಂಡುಗಳಲ್ಲಿ ಅದರಿಂದ ಹೊರಬರುತ್ತಾನೆ. ಅಷ್ಟರಲ್ಲಿ ಸೆಳವು ಅವನನ್ನು ೨೫ ಮೀಟರ್ ಒಯ್ದಿರುತ್ತದೆ ನಿಜ. ಆದರೆ ಆ ಮೇಲೆ ಅವನು ದಡದತ್ತ ನುಗ್ಗುವ ಅಲೆಗಳ ನಡುವೆ ಇರುತ್ತಾನೆ. ಹರಿಯುವ ಹೊಳೆಯನ್ನು ದೋಣಿ ದಾಟುವ ಲೆಕ್ಕವನ್ನು ನಾವೆಲ್ಲರೂ ಶಾಲೆಯಲ್ಲಿ ಮಾಡಿದ್ದೇವೆ. ಆ ಹಿರಿಯ ಮೀನುಗಾರರು ಕೂಗಿ ಹೇಳಿದುದು ಅದೇ ಲೆಕ್ಕದ ಉತ್ತರವನ್ನು.

ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಒಡೆಯುವ ಅಲೆಗಳ ಸಾಲನ್ನು ದಾಟಿದ ಮೇಲೆ ಅದರ ಬಲ ಸಾಮಾನ್ಯವಾಗಿ ಕುಗ್ಗುತ್ತದೆ. ಆದುದರಿಂದ ಅದರಲ್ಲಿ ಸಿಕ್ಕಿದವನು ಮೊದಲು ಗಾಬರಿಯನ್ನು ಬಿಟ್ಟು ತೇಲಬೇಕು, ಕೈಯೆತ್ತಿ ಸಹಾಯ ಕೋರಬೇಕು, ಶಕ್ತಿಯಿದ್ದರೆ ಪಕ್ಕಕ್ಕೆ ಈಜಬೇಕು. ದಡದಲ್ಲಿರುವವರು ತಾವೂ ನೀರಿಗೆ ಹಾರದೆ ಜೀವರಕ್ಷಕರನ್ನು ಕೂಗಿ ಕರೆಯಬೇಕು. ಹಗ್ಗ, ಖಾಲಿ ಡಬ್ಬಿ ಮುಂತಾದ ತೇಲುವ ವಸ್ತುವನ್ನು ಎಸೆಯಬೇಕು. ಈ ಲೆಕ್ಕವನ್ನು ಓದಿದ ಧೈರ್ಯದಿಂದ ಯಾರೂ ಸೆಳವಿಗೆ ಇಳಿಯಬಾರದು. ಈಜು ಬಾರದವರು ಮೊಣಕಾಲಿನಿಂದ ಆಚೆಗೆ ಹೋಗದಿರುವುದೂ, ಮಳೆಗಾಲದಲ್ಲಿ ಯಾರೂ ನೀರಿಗೆ ಇಳಿಯದಿರುವುದೂ ಉತ್ತಮ. ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ನೊರೆಯ ಸಾಲಿನಲ್ಲಿ ತೆರಪು ಎಲ್ಲಿದೆ, ನೊರೆ ಮತ್ತು ಕಸಕಡ್ಡಿಗಳು ಎಲ್ಲಿ ಹೊರಕ್ಕೆ ಸಾಗುತ್ತಿವೆ, ನೀರು ಎಲ್ಲಿ ಮರಳಿನಿಂದ ಕದಡಿದೆ ಎಂಬುದನ್ನು ನೋಡುವುದೇ ನಿಜವಾದ ವಿದ್ಯೆ.

ದ್ವೀಪದ ಕಲ್ಲುಕಂಬಗಳು

ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪಗಳು ಸಿಕ್ಕುತ್ತವೆ. ಮಳೆಗಾಲದಲ್ಲಿ ಈ ದೋಣಿಗಳು ಹೊರಡುವುದಿಲ್ಲ. ಅಲ್ಲಿ ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಯಾರೋ ಶಿಲ್ಪಿ ಕಡೆದು ಜೋಡಿಸಿದಂತೆ ನಿಂತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣವು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಇಲ್ಲಿ ಕರಗಿದ ಲಾವಾ ಹೊರಹೊಮ್ಮಿತು. ಅದು ತಣಿದು ಕಲ್ಲಾಗುವಾಗ ಕುಗ್ಗಿತು. ಎಲ್ಲ ಕಡೆಗೂ ಒಂದೇ ಸಮನೆ ಕುಗ್ಗಬೇಕೆನ್ನುವ ವಸ್ತುವಿನಲ್ಲಿ ಕರ್ಷಣ ಹೆಚ್ಚಿದಾಗ ಬಿರುಕು ಬೀಳುತ್ತದೆ. ಮೂರು ಬಿರುಕುಗಳು ೧೨೦ ಅಂಶದ ಕೋನದಲ್ಲಿ ಕೂಡುವ ಜೋಡಣೆಯಲ್ಲಿ ಕಡಿಮೆ ಬಿರುಕಿನಿಂದ ಹೆಚ್ಚು ಕರ್ಷಣ ನೀಗುತ್ತದೆ. ಹೀಗೆ ಕೂಡುತ್ತ ಹೋದರೆ ಉಂಟಾಗುವ ಆಕೃತಿಯೇ ಷಟ್ಕೋನ. ಮೇಲ್ಮೈ ತಣಿಯುತ್ತ ತಣಿಯುತ್ತ ಬಿರುಕುಗಳು ಒಳಕ್ಕೆ ಇಳಿಯುವುದರಿಂದ ಷಟ್ಕೋನವು ಕಂಬವಾಗುತ್ತದೆ. ಪ್ರಕೃತಿಯಲ್ಲಿ ಎಲ್ಲವೂ ಆದರ್ಶವಾಗಿರದ ಕಾರಣ ಐದು ಮತ್ತು ಏಳು ಮುಖದ ಕಂಬಗಳೂ ಇವೆ. ಬೇಸಗೆಯಲ್ಲಿ ಬತ್ತಿದ ಕೆರೆಯ ಕೆಸರಿನಲ್ಲಿ ಇದರ ಚಿಕ್ಕ ರೂಪವನ್ನು ನೀವೆಲ್ಲ ಕಂಡಿರುವಿರಿ.

ಈ ದ್ವೀಪದ ದಂಡೆಯಲ್ಲಿ ಮರಳಿಗಿಂತ ಚಿಪ್ಪುಗಳ ಚೂರೇ ಹೆಚ್ಚು. ಇಲ್ಲಿ ಘಟ್ಟದ ಮರಳನ್ನು ತರುವ ನದಿಯಿಲ್ಲ. ಕಡಲಿನ ಜೀವಿಗಳೇ ದಂಡೆಯನ್ನು ಒದಗಿಸಿವೆ. ಪ್ರತಿಯೊಬ್ಬರೂ ಒಂದು ಹಿಡಿಯಷ್ಟು ಒಯ್ದರೆ ದಂಡೆಯೇ ಉಳಿಯದು. ಕಂಬಗಳ ಅಂಚಿನಲ್ಲಿ ಪಾಚಿ ಜಾರುತ್ತದೆ; ಅಲ್ಲಿ ಅಲೆಗೆ ಬೆನ್ನುಮಾಡಿ ಚಿತ್ರ ತೆಗೆಸಿಕೊಳ್ಳುವುದು ಅಪಾಯಕರ.

ಕಾಪುವಿನ ದೀಪಸ್ತಂಭ

ಉಡುಪಿಯಿಂದ ತೆಂಕಣಕ್ಕೆ ಹೋದರೆ ಕಾಪು. ಅಲ್ಲಿನ ಕಡಲಬಂಡೆಯ ಮೇಲೆ ೧೯೦೧ರಲ್ಲಿ ಕಟ್ಟಿದ, ಸುಮಾರು ೨೭ ಮೀಟರ್ ಎತ್ತರದ ದೀಪಸ್ತಂಭವಿದೆ. ದಂಡೆಯಲ್ಲಿ ನಿಂತವನ ಕಣ್ಣು ನೀರಿಗಿಂತ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅವನ ದಿಗಂತವು ೪.೪ ಕಿಲೋಮೀಟರ್ ದೂರದಲ್ಲಿರುತ್ತದೆ. ಕಣ್ಣು ೨೫ ಮೀಟರ್ ಎತ್ತರಕ್ಕೆ ಏರಿದರೆ ದಿಗಂತವು ಸುಮಾರು ೧೮ ಕಿಲೋಮೀಟರಿಗೆ ಸರಿಯುತ್ತದೆ. ಮೀಟರುಗಳಲ್ಲಿರುವ ಎತ್ತರದ ವರ್ಗಮೂಲವನ್ನು ೩.೫೭ರಿಂದ ಗುಣಿಸಿದರೆ ದೂರವು ಕಿಲೋಮೀಟರುಗಳಲ್ಲಿ ಬರುತ್ತದೆ. ಪೈಥಾಗೊರಸನ ಪ್ರಮೇಯವನ್ನೂ ಭೂಮಿಯ ತ್ರಿಜ್ಯವನ್ನೂ ಬಲ್ಲ ವಿದ್ಯಾರ್ಥಿಯು ಈ ಸೂತ್ರವನ್ನು ತಾನೇ ಸಾಧಿಸಬಹುದು.

ಮೇಲಿನಿಂದ ನೋಡುವವರಿಗೆ ಇನ್ನೊಂದು ಪಾಠವೂ ಉಂಟು. ಬಂಡೆಯ ಇದಿರಿನ ಆಳ ಕಡಿಮೆಯಾದಲ್ಲಿ ಅಲೆಯ ಒಂದು ಭಾಗ ನಿಧಾನಿಸುತ್ತದೆ, ಆಳವಾದ ಕಡೆಯ ಭಾಗ ಮುಂದೆ ಸಾಗುತ್ತದೆ. ಆದುದರಿಂದ ಅಲೆಯ ಸಾಲು ಬಾಗಿ ಬಂಡೆಯನ್ನು ಸುತ್ತುವರಿಯುತ್ತದೆ. ಗಾಜಿನೊಳಗೆ ಬೆಳಕು ಬಾಗುವುದಕ್ಕೂ ಇದೇ ಕಾರಣ. ವಕ್ರೀಭವನವನ್ನು ಬರಿಗಣ್ಣಿನಿಂದ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸ್ಥಳ ದೊರೆಯದು. ಕಾಪುವಿನಿಂದ ಇನ್ನೂ ತೆಂಕಣಕ್ಕೆ ಇರುವ ಪಡುಬಿದ್ರಿಯ ಕಡಲತೀರಕ್ಕೆ ಶುಚಿತ್ವ ಮತ್ತು ಸುರಕ್ಷತೆಗಾಗಿ ೨೦೨೦ರಲ್ಲಿ ‘ನೀಲಿ ಧ್ವಜ’ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಮರವಂತೆಯ ಕಿರುದಾರಿ

ಎರಡನೆಯ ದಿನ ಬಡಗಣಕ್ಕೆ ಹೊರಡೋಣ. ಕುಂದಾಪುರವನ್ನು ದಾಟಿದ ಮೇಲೆ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ ೬೬ರ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಇಷ್ಟು ಚೆಲುವಾದ ಹಾದಿ ಅಪರೂಪ. ಇಷ್ಟು ಇಕ್ಕಟ್ಟಿನಲ್ಲಿರುವ ಹಾದಿಯೂ ಅಪರೂಪ.

ಅಲೆಯ ಶಕ್ತಿಯು ಅದರ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂದು ಮೀಟರ್ ಎತ್ತರದ ಅಲೆಯಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ೧,೨೫೦ ಜೂಲ್ ಶಕ್ತಿಯಿದ್ದರೆ, ಮಳೆಗಾಲದ ಮೂರು ಮೀಟರಿನ ಅಲೆಯಲ್ಲಿ ಅದರ ಒಂಬತ್ತು ಪಟ್ಟು ಇರುತ್ತದೆ. ಆ ಅಲೆಗಳು ದಂಡೆಯ ಮರಳನ್ನು ಕೆದಕಿ ಆಚೆಗೆ ಒಯ್ದು ನೀರಿನಡಿಯ ದಿಣ್ಣೆಯಾಗಿ ಇಡುತ್ತವೆ. ಮಳೆಗಾಲ ಕಳೆದ ಮೇಲೆ ಬರುವ ಸೌಮ್ಯವಾದ ಅಲೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತರುತ್ತವೆ. ದಂಡೆಯು ಹೀಗೆ ವರ್ಷಕ್ಕೊಮ್ಮೆ ಉಸಿರಾಡುತ್ತದೆ. ಅದಕ್ಕೆ ಹಿಂದೆ ಮುಂದೆ ಸರಿಯಲು ಎಡೆಯಿದ್ದರೆ ಚಿಂತೆಯಿಲ್ಲ.

ಮರವಂತೆಯಲ್ಲಿ ಆ ಎಡೆಯಿಲ್ಲ. ಹೆದ್ದಾರಿಯನ್ನೂ ಮನೆಗಳನ್ನೂ ಕಾಪಾಡಲು ಕಲ್ಲಿನ ತಡೆಗೋಡೆಗಳನ್ನೂ ಕಡಲಿಗೆ ಚಾಚಿದ ಕಲ್ಲುದಂಡೆಗಳನ್ನೂ ಕಟ್ಟಲಾಗಿದೆ. ಇಳಿಜಾರಾದ ಮರಳು ಅಲೆಯ ಶಕ್ತಿಯನ್ನು ಮೆಲ್ಲಗೆ ಹೀರುತ್ತದೆ. ಗೋಡೆಯಾದರೋ ಅದರಲ್ಲಿ ಒಂದು ಪಾಲನ್ನು ಪ್ರತಿಫಲಿಸುತ್ತದೆ. ಬರುವ ಅಲೆಯೂ ಮರಳುವ ಅಲೆಯೂ ಕೂಡಿ ಗೋಡೆಯ ಬುಡದ ಮರಳನ್ನು ಕೊರೆಯುತ್ತವೆ. ಚಾಚಿದ ಕಲ್ಲುದಂಡೆಯು ತೀರದಗುಂಟ ಸಾಗುವ ಮರಳನ್ನು ಒಂದು ಬದಿಯಲ್ಲಿ ಹಿಡಿದಿಟ್ಟರೆ ಮತ್ತೊಂದು ಬದಿಗೆ ಮರಳಿನ ಅಭಾವವಾಗುತ್ತದೆ. ಹಾಗೆಂದು ಗೋಡೆಯೇ ಬೇಡವೆನ್ನುವುದು ಸುಲಭವಲ್ಲ. ಅದರ ಹಿಂದೆ ಜನರ ಬದುಕಿದೆ. ಆದರೆ ಒಂದೆಡೆ ಹಾಕಿದ ಕಲ್ಲಿನ ಲೆಕ್ಕವನ್ನು ಇನ್ನೊಂದೆಡೆಯ ಮರಳಿನಲ್ಲಿ ಒಪ್ಪಿಸಬೇಕಾಗುತ್ತದೆಂಬುದನ್ನು ಮುಂದೆ ಇಂಜಿನಿಯರುಗಳೂ ಆಡಳಿತಗಾರರೂ ಆಗಲಿರುವ ನೀವು ಮರೆಯಬಾರದು.

ಒತ್ತಿನೆಣೆಯ ಸಂಜೆ

ಪ್ರವಾಸದ ಕೊನೆಗೆ ಬೈಂದೂರಿನ ಸಮೀಪದ ಒತ್ತಿನೆಣೆ ಗುಡ್ಡವನ್ನು ಏರೋಣ. ಅಲ್ಲಿನ ಕ್ಷಿತಿಜ ನೇಸರಧಾಮವೆಂಬ ಉದ್ಯಾನದಿಂದ ಸೂರ್ಯಾಸ್ತವನ್ನು ನೋಡಬಹುದು. ಸೂರ್ಯನ ಕೆಳಅಂಚು ನೀರನ್ನು ಮುಟ್ಟಿದ ಕ್ಷಣದಿಂದ ಮೇಲಂಚು ಮರೆಯಾಗುವವರೆಗೆ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಆದರೆ ಅಂಚು ನೀರನ್ನು ಮುಟ್ಟಿದಂತೆ ಕಂಡಾಗಲೇ ನಿಜವಾದ ಸೂರ್ಯನು ದಿಗಂತದ ಕೆಳಗೆ ಇಳಿದಾಗಿರುತ್ತಾನೆ! ವಾಯುಮಂಡಲದ ವಕ್ರೀಭವನವು ದಿಗಂತದಲ್ಲಿ ಬೆಳಕನ್ನು ಅರ್ಧ ಅಂಶಕ್ಕೂ ತುಸು ಹೆಚ್ಚು ಬಾಗಿಸುತ್ತದೆ; ಸೂರ್ಯನ ಬಿಂಬದ ಅಗಲವೂ ಸುಮಾರು ಅರ್ಧ ಅಂಶವೇ. ಕೆಳಅಂಚಿನ ಬೆಳಕು ಹೆಚ್ಚು ಬಾಗುವುದರಿಂದ ಬಿಂಬವು ಚಪ್ಪಟೆಯಾಗಿಯೂ ತೋರುತ್ತದೆ.

ಮುಳುಗಿದ ಸೂರ್ಯನು ಮುಳುಗದಂತೆ ಕಾಣುವುದೂ, ಸೆಳವಿನ ನೀರು ಶಾಂತವಾದಂತೆ ಕಾಣುವುದೂ ಕಣ್ಣಿನ ಮೋಸಗಳೇ. ಮೊದಲನೆಯದು ನಮಗೆ ಸಂತೋಷವನ್ನು ಕೊಡುತ್ತದೆ, ಎರಡನೆಯದು ಪ್ರಾಣವನ್ನೇ ತೆಗೆಯಬಹುದು. ಎರಡನ್ನೂ ಬಿಡಿಸಿ ತೋರಿಸುವ ಕೆಲಸ ವಿಜ್ಞಾನದ್ದು.

ನೀವೇ ಮಾಡಿ ನೋಡಿ

೧. ದಂಡೆಯ ಮೇಲೆ ಕಪ್ಪು ಗೆರೆಗಳಂತೆ ಕಾಣುವ ಮರಳಿನ ಬಳಿ ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ಹಿಡಿಯಿರಿ. ಅಂಟಿಕೊಳ್ಳುವ ಕಣಗಳಲ್ಲಿ ಮುಖ್ಯವಾದುದು ಮ್ಯಾಗ್ನೆಟೈಟ್. ಬೆಣಚುಕಲ್ಲಿನ ಸಾಂದ್ರತೆ ೨.೬೫, ಮ್ಯಾಗ್ನೆಟೈಟಿನದು ೫.೨. ಅಲೆಯು ಇವೆರಡನ್ನು ಹೇಗೆ ಬೇರ್ಪಡಿಸಿತು? ಮೊರದಲ್ಲಿ ಅಕ್ಕಿಯನ್ನು ಕೇರುವುದಕ್ಕೂ ಇದಕ್ಕೂ ಏನು ಹೋಲಿಕೆ?

೨. ಭರತದ ನೀರು ತಲಪಿದ ಗುರುತನ್ನು ಎರಡು ದಿನ ಸತತವಾಗಿ ಗಮನಿಸಿ. ಎರಡನೆಯ ದಿನದ ಭರತವು ಸುಮಾರು ೫೦ ನಿಮಿಷ ತಡವಾಗಿ ಬರುವುದೇಕೆ? ಚಂದ್ರನ ಚಲನೆಯಿಂದ ವಿವರಿಸಿ.

೩. ಅಲೆಯ ಎತ್ತರ ೦.೮ ಮೀಟರ್ ಇದ್ದ ದಿನ ಅದು ಸುಮಾರು ಎಷ್ಟು ಆಳದಲ್ಲಿ ಒಡೆಯುತ್ತದೆ?

೪. ಒಬ್ಬರು ಹಿರಿಯ ಮೀನುಗಾರರ ಬಳಿ ಕುಳಿತು, ಸೆಳವನ್ನು ಅವರು ಯಾವ ಗುರುತುಗಳಿಂದ ಕಂಡುಹಿಡಿಯುತ್ತಾರೆಂದು ವಿನಯದಿಂದ ಕೇಳಿ ಬರೆದುಕೊಳ್ಳಿ. ಅವರು ಹೇಳಿದ ಪ್ರತಿಯೊಂದು ಗುರುತಿಗೂ ಭೌತವಿಜ್ಞಾನದ ಕಾರಣವನ್ನು ಹುಡುಕಿ. ನಾಲ್ಕು ಪ್ರಶ್ನೆಗಳಲ್ಲಿ ಇದೇ ಕಠಿಣವಾದುದು. ಇದೇ ಹೆಚ್ಚು ಉಪಯುಕ್ತವಾದುದು.